ಐಸ್ ಗಡ್ಡೆಯ ನಡುವಿನ ಉಪ್ಪು

ದತ್ತಾ ಹರಿಕಂತ್ರ ಕುರ್ಚಿಯ ಮೇಲೆ ನೆಮ್ಮದಿಯಾಗಿ ಕೂತದ್ದನ್ನು ಹಾರವಾಡದಲ್ಲಿ ಯಾರೂ ನೋಡಿಲ್ಲ. ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆಗೆ ಚಾಚಿರುತ್ತದೆ. ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವನ ಐಸ್ ಫ್ಯಾಕ್ಟರಿ ಇದೆ. ಅಲ್ಲಿನ ಕಂಪ್ರೆಸರ್ ಸದ್ದು ಸ್ವಲ್ಪ ದಪ್ಪಗಾದರೆ ಸಾಕು, ಕೈ ತಟ್ಟೆಯಲ್ಲೇ ನಿಲ್ಲುತ್ತದೆ. ಹೆಂಡತಿ ಕಾಶಿ ಆಗ ಸಾರಿನ ಪಾತ್ರೆಗೆ ಮುಚ್ಚಳ ಹಾಕುತ್ತಾಳೆ. ಅವನು ಹೋಗಿ ಬರುವುದರೊಳಗೆ ಆರಬಾರದಲ್ಲ.

ಈ ಚಡಪಡಿಕೆ ಹುಟ್ಟಿನಿಂದ ಬಂದದ್ದಲ್ಲ ಎನ್ನುತ್ತಾಳೆ ಕಾಶಿ. ಚೆಂಡಿಯಾದಲ್ಲಿದ್ದಾಗ ಬಲೆ ಹೊಲಿಯುತ್ತ ಇಡೀ ಮಧ್ಯಾಹ್ನ ಒಂದೇ ಕಡೆ ಕೂತಿರುತ್ತಿದ್ದನಂತೆ. ಆ ನೆಲ ನೌಕಾನೆಲೆಗೆ ಹೋಯಿತು. ಪರಿಹಾರಕ್ಕಾಗಿ ಅಳೆಯಲು ಬಂದವರು ತೆಂಗಿನ ಮರಗಳಲ್ಲಿ ಫಲ ಬಿಡುವವನ್ನೂ ಬಿಡದವನ್ನೂ ಬೇರೆ ಮಾಡಿದರು. ಮನೆಗೆ ಗೋಡೆಯ ಅಳತೆ ಹಿಡಿದರು. ಬಾವಿಗೆ ಹಗ್ಗ ಇಳಿಬಿಟ್ಟು ಆಳ ನೋಡಿದರು, ಒಳಗೆ ಕಟ್ಟಿದ ಚಿರೇಕಲ್ಲನ್ನು ಎಣಿಸಿದರು. ದತ್ತಾನ ಅಪ್ಪ ಬಾವಿಕಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದ:

"ಕಲ್ಲಿನ ಲೆಕ್ಕ ಆಯ್ತು. ನೀರಿಗೆಷ್ಟು?"

"ನೀರಿಗೆಂತಾ ಅಜ್ಜಾ? ನೀರು ಎಲ್ಲಿ ತೋಡಿದ್ರೂ ಸಿಗ್ತದೆ."

ಹೇಳಿದವನ ದನಿಯಲ್ಲಿ ತಾತ್ಸಾರವಿರಲಿಲ್ಲ. ಅವನಿಗೆ ಹಾಗೆಯೇ ಅನ್ನಿಸಿತ್ತು. ಕುಟುಂಬ ಅಂಕೋಲಾ ತಾಲೂಕಿನ ಹಾರವಾಡಕ್ಕೆ ಬಂತು. ಅಪ್ಪ ಹೊಸ ಮನೆಯಲ್ಲಿ ಎರಡು ಮಳೆಗಾಲ ಬದುಕಿದ. ಪರಿಹಾರದ ಹಣದಲ್ಲಿ ದತ್ತಾ ದೋಣಿ ಕೊಳ್ಳಲಿಲ್ಲ. ಎಲ್ಲರೂ ದೋಣಿ ಕೊಂಡರೆ ಎಲ್ಲರಿಗೂ ಐಸ್ ಬೇಕಾಗುತ್ತದೆ ಎಂದು ಯೋಚಿಸಿದ. ಕಾಶಿಯ ಅಣ್ಣ ತುಳಸಿದಾಸ ಬೊಬ್ರುವಾಡದವನು, ಮೀನು ಸಾಗಿಸುವ ಎರಡು ಲಾರಿ ಇಟ್ಟುಕೊಂಡಿದ್ದ. ಅವನೂ ಅರ್ಧ ಹಾಕಿದ. 2001ರ ಕೊನೆಯಲ್ಲಿ ಫ್ಯಾಕ್ಟರಿ ಶುರುವಾಯಿತು.

ಐಸ್ ಮಾಡುವ ಕ್ರಮ ಹೊರಗಿನವರಿಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ನೆಲದೊಳಗಿನ ದೊಡ್ಡ ತೊಟ್ಟಿಯಲ್ಲಿ ಗಟ್ಟಿ ಉಪ್ಪುನೀರು ಇರುತ್ತದೆ; ಎಷ್ಟು ತಣ್ಣಗಾದರೂ ಅದು ಹೆಪ್ಪುಗಟ್ಟುವುದಿಲ್ಲ. ಆ ಉಪ್ಪುನೀರಿನಲ್ಲಿ ತಗಡಿನ ಉದ್ದುದ್ದ ಡಬ್ಬಗಳನ್ನು ನಿಲ್ಲಿಸಿ, ಡಬ್ಬಗಳೊಳಗೆ ಬಾವಿಯ ಸಿಹಿನೀರು ತುಂಬುತ್ತಾರೆ. ಹೊರಗಿನ ಚಳಿಗೆ ಒಳಗಿನ ನೀರು ಅಂಚಿನಿಂದ ನಡುವಿಗೆ ಗಟ್ಟಿಯಾಗುತ್ತ ಬರುತ್ತದೆ. ಹೀಗಾಗಿ ಫ್ಯಾಕ್ಟರಿಯಲ್ಲಿ ಎಲ್ಲವೂ ಉಪ್ಪುಪ್ಪು. ಬಾಗಿಲ ಚಿಲಕ, ಆಳುಗಳ ಅಂಗಿ, ಚಹಾ ಲೋಟದ ಅಂಚು, ಎಲ್ಲ. ಕುಡಿಯುವ ನೀರು ಮನೆಯಿಂದ ಕೊಡದಲ್ಲಿ ಬರುತ್ತದೆ. ನಲ್ಲಿ ನೀರನ್ನು ಬಾಯಿಗೆ ಹಾಕಿಕೊಂಡು ಉಪ್ಪು ಎನ್ನಿಸಿದರೆ ಅದು ನೀರಿನದೋ ತನ್ನ ಕೈಯದೋ ಎಂದು ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಅಲ್ಲಿ ನಂಬಿಕೆಯ ಪರೀಕ್ಷೆ ಒಂದೇ. ಐಸ್ ಕೊಳ್ಳಲು ಬಂದ ತಾಂಡೇಲ, ಅಂದರೆ ದೋಣಿಯ ನಾಯಕ, ಗಡ್ಡೆಯ ಮೂಲೆಯಿಂದ ಒಂದು ಚೂರು ಒಡೆದು ಹಲ್ಲಲ್ಲಿ ಕಚ್ಚುತ್ತಾನೆ. ಕರಕ್ ಎಂದು ಒಡೆದು ಸಿಹಿಯಾಗಿ ಕರಗಿದರೆ ಗಡ್ಡೆ ದೋಣಿಗೆ ಏರುತ್ತದೆ. ಕಾರವಾರದ ಬೈತಖೋಲ ಬಂದರಿನಲ್ಲೂ ಹೀಗೆಯೇ, ಬೇಲೆಕೇರಿಯಲ್ಲೂ ಹೀಗೆಯೇ. ದತ್ತಾನ ಗಡ್ಡೆ ಯಾವತ್ತೂ ಸಿಹಿ. ಅವನಿಗೆ ಅದರ ಬಗ್ಗೆ ಸಣ್ಣ ಹೆಮ್ಮೆ ಇತ್ತು.

ಫ್ಯಾಕ್ಟರಿಯ ಬೇಲಿಯಾಚೆ ಹೊನ್ನುವಿನ ತರಕಾರಿ ಗದ್ದೆ. ಹಾಲಕ್ಕಿಯರ ಈ ಹೆಂಗಸು ಭತ್ತ ಕೊಯ್ದ ಮೇಲೆ ಮರಳುನೆಲದಲ್ಲಿ ಹರಿವೆ, ಗೆಣಸು, ಈರುಳ್ಳಿ ಮಾಡುತ್ತಾಳೆ. ಎರಡೂ ಕೈಯಲ್ಲಿ ಕೊಡ ಹಿಡಿದು ಬಾವಿಗೆ ಇಳಿದು ಹತ್ತಿ, ಸಾಲಿಗೆ ನೀರು ಹನಿಸುತ್ತಾಳೆ. 2004ರ ಮಾರ್ಚಿನಲ್ಲಿ ಅವಳು ಒಂದು ಹರಿವೆ ಕಟ್ಟು ಹಿಡಿದುಕೊಂಡು ಫ್ಯಾಕ್ಟರಿಯ ಬಾಗಿಲಿಗೆ ಬಂದಳು. ಎಲೆಗಳ ಅಂಚು ಸುಟ್ಟಂತೆ ಕಂದಾಗಿತ್ತು.

"ತಮಾ, ನೀ ನೀರು ಎಳೂಕೆ ಹಿಡ್ದ ಮೇಲೆ ನನ್ ಬಾವಿ ಉಪ್ಪಾಗೀದೆ. ಹರ್ಗಿ ನೋಡು, ಒಲಿ ಮೇಲೆ ಹಿಡ್ದಂಗೆ ಆಗೀದೆ."

"ನನ್ನ ಬಾವಿ ಸಿಹಿ ಅದೆ, ಹೊನ್ನಕ್ಕಾ. ನಿಂದು ಹ್ಯಾಂಗೆ ಉಪ್ಪಾಗ್ತದೆ?"

"ಅದು ನಿನ್ ಬಾವಿಗೇ ಕೇಳು."

ದತ್ತಾ ಒಳಗೆ ಹೋಗಿ ಗಡ್ಡೆಯ ಮೂಲೆ ಒಡೆದು ಒಂದು ಚೂರು ತಂದುಕೊಟ್ಟ. ಹೊನ್ನು ಬಾಯಿಗೆ ಹಾಕಿಕೊಂಡಳು. ಕೆನ್ನೆ ಒಳಗೆ ಹೋಯಿತು, ಕಣ್ಣು ಮುಚ್ಚಿತು.

"ಸಿಹಿ ಅಲ್ದಾ?"

"ಸಿಹಿಯೇ," ಎಂದಳು ಹೊನ್ನು, ಒಪ್ಪಲು ಮನಸ್ಸಿಲ್ಲದ ಹಾಗೆ. "ಹಂಗಾರೆ ನನ್ ಬಾವಿಗೆ ಸಮುದ್ರನೇ ನಡ್ಕಂಡು ಬಂತೇನೋ."

"ಮೇಲೆ ಗುಡ್ಡದ ಬದಿಗೆ ಇನ್ನೊಂದು ತೋಡ್ಸು. ಇಲ್ಲಿ ನೀರು ಎಲ್ಲಿ ತೋಡಿದ್ರೂ ಸಿಗ್ತದೆ."

ಹೊನ್ನು ಹರಿವೆ ಕಟ್ಟನ್ನು ಬಾಗಿಲಲ್ಲೇ ಇಟ್ಟು ಹೋದಳು. ಅದನ್ನು ಯಾರೂ ಒಳಗೆ ತೆಗೆದುಕೊಳ್ಳಲಿಲ್ಲ.

ಮಾರನೇ ವರ್ಷ ವ್ಯಾಪಾರ ದೊಡ್ಡದಾಗುವ ಹೊತ್ತು ಬಂತು. ಸೀಗಡಿ ರಫ್ತು ಮಾಡುವ ಒಂದು ಕಂಪನಿಯ ಏಜೆಂಟ್ ಫೆಬ್ರವರಿಯಲ್ಲಿ ತುಳಸಿದಾಸನ ಜೊತೆ ಬಂದ. ಬೇಲೆಕೇರಿಗೆ ಬರುವ ಸೀಗಡಿಗೆ ಕಂಪನಿಗೆ ದಿನವೂ ಐಸ್ ಬೇಕು. ಮುಖ್ಯವಾಗಿ ಏಪ್ರಿಲ್, ಮೇ ತಿಂಗಳಲ್ಲಿ, ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗುವವರೆಗೂ ಒಂದು ದಿನವೂ ತಪ್ಪಬಾರದು. ಒಪ್ಪಿದರೆ ಡಬ್ಬಗಳನ್ನು ಎರಡು ಪಟ್ಟು ಮಾಡಲು, ಹೊಸ ಬೋರ್‌ವೆಲ್ ಹೊಡೆಸಲು ಕಂಪನಿಯೇ ಮುಂಗಡ ಕೊಡುತ್ತದೆ. ಹೋಳಿ ಮುಗಿದ ಮೇಲೆ ಬಂದು ಸಹಿ ಮಾಡಿಸಿಕೊಳ್ಳುವುದಾಗಿ ಹೇಳಿ ಏಜೆಂಟ್ ಹೋದ. ತುಳಸಿದಾಸ ಕಾಯಲಿಲ್ಲ. ಗೋವಾದಿಂದ ಒಂದು ಹಳೆಯ ಕಂಪ್ರೆಸರ್ ಕೊಂಡು ತಂದು ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಇಳಿಸಿಯೇಬಿಟ್ಟ.

ತುಳಸಿದಾಸ ದುರಾಸೆಯ ಮನುಷ್ಯನಲ್ಲ. ಖರ್ಚನ್ನು ಅವನಷ್ಟು ಚೊಕ್ಕವಾಗಿ ತೂಗುವವರು ಆ ದಂಡೆಯಲ್ಲಿ ಕಡಿಮೆ. ಕರೆಂಟು ಮೊದಲು, ಆಮೇಲೆ ಆಳುಗಳ ಸಂಬಳ, ತೊಟ್ಟಿ ತಂಪು ಮಾಡುವ ಅಮೋನಿಯಾ, ಉಪ್ಪು, ತುಕ್ಕು ತಿನ್ನುವ ಡಬ್ಬಗಳು. ಕಂಪ್ರೆಸರ್ ಅರ್ಧ ತುಂಬಿ ಓಡಿದರೂ ಪೂರ್ತಿ ತುಂಬಿ ಓಡಿದರೂ ಆಳುಗಳ ಸಂಬಳ ಅಷ್ಟೇ, ಹಾಗಾಗಿ ದೊಡ್ಡದಾದಷ್ಟೂ ಗಡ್ಡೆ ಅಗ್ಗ ಬೀಳುತ್ತದೆ. ಈ ತೂಕದಲ್ಲಿ ನೀರು ಬರುತ್ತಿದ್ದುದು ಪಂಪಿನ ಕರೆಂಟಾಗಿ ಮಾತ್ರ. ಅದನ್ನು ಯಾರೂ ತಪ್ಪು ಎನ್ನುವಂತಿರಲಿಲ್ಲ. ಊರಿನ ಎಲ್ಲ ಫ್ಯಾಕ್ಟರಿಗಳ ಲೆಕ್ಕವೂ ಹಾಗೆಯೇ ಇತ್ತು.

ಮಾರ್ಚ್ ಮೊದಲ ವಾರ ತಾಂಡೇಲ ರೂಪೇಶ ಸಮುದ್ರದಿಂದ ಬಂದವನೇ ಗೋಣಿಯಲ್ಲಿ ಸುತ್ತಿದ ಅರ್ಧ ಗಡ್ಡೆಯನ್ನು ತಂದು ಫ್ಯಾಕ್ಟರಿಯ ನೆಲಕ್ಕೆ ಕುಕ್ಕಿದ. ಬೀಡುಬಲೆ ಇಳಿಬಿಟ್ಟು ಕಾಯುವ ಸಣ್ಣ ದೋಣಿ ಅವನದು. ದೊಡ್ಡ ದೋಣಿಗಳ ಹಾಗೆ ಐಸನ್ನು ಪುಡಿ ಮಾಡಿಸಿ ಒಯ್ಯುವುದಿಲ್ಲ. ಇಡೀ ಗಡ್ಡೆ ಒಯ್ದು, ಬೇಕಾದಾಗ ಸಮುದ್ರದ ಮೇಲೆ ಒಡೆದುಕೊಳ್ಳುತ್ತಾನೆ.

"ಕಾಣು ದತ್ತಾ, ನಿನ್ನ ಐಸಿಗೆ ಹೊಟ್ಟೆನೇ ಇಲ್ಲ. ಹೊರಗೆ ಗಟ್ಟಿ, ಒಳಗೆ ಟೊಳ್ಳು. ರೊಕ್ಕ ಮಾತ್ರ ಪೂರ್ತಿ ತಗಂತೆ."

ಗಡ್ಡೆಯ ನಡುಭಾಗ ಕರಗಿ ಬೊಂಬಿನ ಹಾಗೆ ತೂತಾಗಿತ್ತು. ದತ್ತಾ ಅಭ್ಯಾಸದಂತೆ ಅಂಚಿನ ಒಂದು ಚೂರು ಒಡೆದು ಕಚ್ಚಿದ.

"ಸಿಹಿ ಅದೆಯಲ್ಲೋ."

ರೂಪೇಶ ನಕ್ಕ. "ಅಂಚು ಕಚ್ಚಬೇಡ ಮಾರಾಯಾ. ನಡು ಕಚ್ಚು."

ತೂತಿನ ಒಳಗೋಡೆಗೆ ಅಂಟಿಕೊಂಡಿದ್ದ ಬಿಳಿಯ, ಮೆತ್ತಗಿನ ಐಸನ್ನು ದತ್ತಾ ಉಗುರಿನಲ್ಲಿ ಕೆರೆದು ನಾಲಗೆಗೆ ಇಟ್ಟುಕೊಂಡ. ಉಪ್ಪು.

ಅವನಿಗೆ ಮೊದಲು ಹೊಳೆದದ್ದು ಡಬ್ಬ ತೂತಾಗಿರಬೇಕು ಎಂದು. ತುಕ್ಕು ಹಿಡಿದ ಡಬ್ಬದೊಳಗೆ ತೊಟ್ಟಿಯ ಉಪ್ಪುನೀರು ನುಗ್ಗುವುದು ಹೊಸದಲ್ಲ. ಹೊಸ ಡಬ್ಬವೊಂದನ್ನು ತೆಗೆದು, ಬೆಳಕಿಗೆ ಹಿಡಿದು ನೋಡಿ, ತಾನೇ ನೀರು ತುಂಬಿ ತೊಟ್ಟಿಗಿಳಿಸಿದ. ಮರುದಿನ ಆ ಗಡ್ಡೆಯನ್ನು ಗರಗಸದಲ್ಲಿ ಅಡ್ಡಕ್ಕೆ ಕೊಯ್ದ. ಅಂಚು ಗಾಜಿನಂತೆ ತಿಳಿ, ನಡು ಹಾಲಿನಂತೆ ಬಿಳಿ. ಬಿಳಿಯ ಭಾಗವನ್ನು ಕಚ್ಚಿದ. ಮತ್ತೆ ಉಪ್ಪು.

ಆಗ ಅವನಿಗೆ ಅರ್ಥವಾಯಿತು. ನೀರು ಗಟ್ಟಿಯಾಗುತ್ತ ಬರುವಾಗ ಉಪ್ಪನ್ನು ತನ್ನೊಳಗೆ ಬಿಟ್ಟುಕೊಳ್ಳುವುದಿಲ್ಲ. ಒಳಕ್ಕೆ, ಇನ್ನೂ ಒಳಕ್ಕೆ ತಳ್ಳುತ್ತ ಹೋಗುತ್ತದೆ. ಉಪ್ಪು ಸೇರಿದ ನಡು ಮೊದಲು ಕರಗುತ್ತದೆ. ಇಷ್ಟು ವರ್ಷ ತಾಂಡೇಲರು ಕಚ್ಚಿದ್ದು ಮೂಲೆ. ಪಂಪು ಸಿಹಿನೀರು ಎಳೆದಷ್ಟೂ ನೆಲದೊಳಗಿಂದ ಸಮುದ್ರ ಆ ಜಾಗಕ್ಕೆ ಬರುತ್ತದೆ; ಬಾವಿಗೆ ಉಪ್ಪು ಬಂದು ಎಷ್ಟು ಕಾಲವಾಗಿತ್ತೋ. ಹೊನ್ನುವಿನ ಬಾಯಿಗೆ ಅವನು ಹಾಕಿದ್ದೂ ಮೂಲೆಯನ್ನೇ.

ಅಂದು ರಾತ್ರಿಯ ಊಟಕ್ಕೆ ಅವನು ಕೂರಲೇ ಇಲ್ಲ. ತಟ್ಟೆ ಹಿಡಿದುಕೊಂಡು ಅಡುಗೆಮನೆಗೂ ಜಗುಲಿಗೂ ಓಡಾಡಿದ. ಕಾಶಿಗೆ ವಿಷಯ ಹೇಳಿದ, ಹೊನ್ನುವಿಗೆ ಕಳೆದ ವರ್ಷ ತಾನು ಏನು ಹೇಳಿದ್ದನೆಂಬುದನ್ನೂ ಹೇಳಿದ. ಕಾಶಿ ಮೀನಿನ ಮುಳ್ಳು ಬಿಡಿಸುತ್ತಿದ್ದಳು.

"ನೀರು ಎಲ್ಲಿ ತೋಡಿದರೂ ಸಿಗ್ತದೆ ಅಂದ್ಯಾ?" ಎಂದು ಕೇಳಿದಳು. "ಮಾವನಿಗೂ ಒಬ್ಬ ಹಾಗೇ ಹೇಳಿದ್ದ ಅಲ್ದಾ, ಬಾವಿಕಟ್ಟೆ ಹತ್ರ?"

ದತ್ತಾ ತಟ್ಟೆಯನ್ನು ಹಾಗೆಯೇ ಇಟ್ಟು ಕೈ ತೊಳೆದ.

ಮುಂದಿನ ದಿನಗಳಲ್ಲಿ ಅವನ ಹೀರೊ ಹೊಂಡಾ ನಿಂತದ್ದೇ ಕಡಿಮೆ. ಕಾರವಾರದ ಐಸ್ ಫ್ಯಾಕ್ಟರಿಗಳಿಗೆ ಹೋಗಿ ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿದ. ಪೇಟೆಯ ಬದಿಯವರಿಗೆ ನಗರಸಭೆಯ ಪೈಪು ಇತ್ತು. ಹಾರವಾಡಕ್ಕೆ ಅಂಥದ್ದು ಬರುವ ಸುದ್ದಿ ಇರಲಿಲ್ಲ. ಅಂಕೋಲೆಯಲ್ಲಿ ಟ್ಯಾಂಕರಿನವನನ್ನು ಹಿಡಿದ. ಅವನ ನೀರಿನಲ್ಲಿ ಮಾಡಿದ ಗಡ್ಡೆ ಕಾರವಾರದ ಗಡ್ಡೆಗಿಂತ ದುಬಾರಿಯಾಗುತ್ತಿತ್ತು, ಯಾವ ದೋಣಿಯೂ ಕೊಳ್ಳುತ್ತಿರಲಿಲ್ಲ. ಗುಡ್ಡದ ಹಳ್ಳಕ್ಕೆ ಪೈಪು ಹಾಕೋಣವೆಂದು ಹತ್ತಿ ನೋಡಿದರೆ ಹಳ್ಳದಲ್ಲಿ ಒಣಗಿದ ಎಲೆ ಬಿಟ್ಟು ಬೇರೇನಿಲ್ಲ. ಬೋರ್ ಹೊಡೆಯುವವ ಪ್ರಾಮಾಣಿಕ: "ಬಂಡೆ ಕೆಳಗೆ ಸಿಹಿ ಸಿಕ್ರೆ ನಿಮ್ಮ ಅದೃಷ್ಟ. ಸಮುದ್ರ ಇಷ್ಟು ಹತ್ರ ಇಟ್ಕೊಂಡು ನಾ ಖಾತ್ರಿ ಕೊಡೂದಿಲ್ಲ." ದತ್ತಾ ಇವರಾರ ಜೊತೆಗೂ ಕೂತು ಮಾತಾಡಲಿಲ್ಲ. ಬೈಕಿನ ಮೇಲೆಯೇ ಒಂದು ಕಾಲು ಊರಿ ಕೇಳಿದ, ಕೇಳಿ ಹೊರಟ.

ಉಳಿದದ್ದು ಒಂದೇ ದಾರಿ. ಬೇಸಿಗೆಯಲ್ಲಿ ಪಂಪು ನಿಲ್ಲಿಸುವುದು. ಅಂದರೆ ಐಸಿಗೆ ಅತಿ ಹೆಚ್ಚು ಗಿರಾಕಿ ಇರುವ ತಿಂಗಳುಗಳಲ್ಲೇ ಬಾಗಿಲು ಹಾಕುವುದು.

ತುಳಸಿದಾಸನಿಗೆ ಇದನ್ನು ಹೇಳಿದಾಗ ಅವನು ಟಾರ್ಪಾಲಿನ ಪಕ್ಕದಲ್ಲಿ ನಿಂತು ಹೊಸ ಡಬ್ಬಗಳನ್ನು ಇಡುವ ಜಾಗ ಅಳೆಯುತ್ತಿದ್ದ.

"ಭಾವಾ, ನೀ ಮೊದ್ಲು ಒಂದ್ಕಡೆ ಕೂತ್ಕೋ. ನಿನ್ನ ನೋಡಿದ್ರೇ ನಂಗೆ ತಲೆ ತಿರುಗ್ತದೆ."

"ಕೂತ್ರೆ ಉಪ್ಪು ಹೋಗ್ತದ್ಯಾ?"

"ಆಯ್ತು, ನಿಂತ್ಕಂಡೇ ಕೇಳು. ನಾವು ಬಂದ್ ಮಾಡ್ದ್ವು ಅಂತಿಟ್ಕೋ. ಕಂಪನಿಯವ ಸುಮ್ನೆ ಹೋಗ್ತಾನ್ಯಾ? ರಸ್ತೆ ಆಚೆಗೆ ಬೇರೆ ಯಾರ್ನಾದ್ರೂ ಹಿಡೀತಾನೆ. ಅವ ಬೋರ್ ಹೊಡೀತಾನೆ. ಹೊನ್ನು ಬಾವಿ ಹೋಗೂದು ಹೋಯ್ತು, ನಮ್ಮ ಫ್ಯಾಕ್ಟರಿನೂ ಹೋಯ್ತು. ಯಾರಿಗೆ ಲಾಭ, ಹೇಳು?"

ದತ್ತಾ ಟಾರ್ಪಾಲಿನ ಸುತ್ತ ಒಂದು ಸುತ್ತು ಹಾಕಿದ. ಅವನಲ್ಲಿ ಇನ್ನೂ ಒಂದು ಆಸೆ ಉಳಿದಿತ್ತು. ಟೊಳ್ಳು ಗಡ್ಡೆಯನ್ನು ನೋಡಿದರೆ ಕಂಪನಿಯವರೇ ಬೇಡ ಎನ್ನಬಹುದು. ಆಗ ತೀರ್ಮಾನ ತನ್ನದಾಗುವುದಿಲ್ಲ, ತುಳಸಿದಾಸನೂ ಸಿಟ್ಟಾಗುವುದಿಲ್ಲ.

ಹೋಳಿ ಮುಗಿದ ವಾರ ಏಜೆಂಟ್ ಬಂದ. ದತ್ತಾ ಒಂದು ಗಡ್ಡೆಯನ್ನು ಅವನೆದುರಿಗೇ ಕೊಯ್ದು ನಡುವಿನ ಬಿಳಿಯ ಚೂರನ್ನು ಮುಂದೆ ಹಿಡಿದ. ಏಜೆಂಟ್ ಸಭ್ಯ ಮನುಷ್ಯ. ಇಸ್ತ್ರಿ ಅಂಗಿಗೆ ತಾಗದ ಹಾಗೆ ಬಗ್ಗಿ ಕಚ್ಚಿದ, ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡ.

"ಹೌದು, ಸ್ವಲ್ಪ ಉಪ್ಪಿದೆ. ಅದಕ್ಕೇನಾಯಿತು? ನಾವು ಪುಡಿ ಮಾಡಿಯೇ ಹಾಕುವುದು. ಸೀಗಡಿಯೂ ಸಮುದ್ರದ್ದೇ ಅಲ್ವಾ? ಸ್ವಲ್ಪ ಬೇಗ ಕರಗ್ತದೆ, ಅದಕ್ಕೆ ಇನ್ನೆರಡು ಬುಟ್ಟಿ ಹೆಚ್ಚಿಗೆ ಹಾಕ್ತೇವೆ. ಅಷ್ಟು ನಷ್ಟ ನಾವು ತಡೀತೇವೆ."

ತುಳಸಿದಾಸ ದತ್ತಾನ ಮುಖ ನೋಡಿದ. ಕಂಪನಿಗೆ ತೊಂದರೆ ಇಲ್ಲ. ಫ್ಯಾಕ್ಟರಿಗೂ ಇಲ್ಲ. ಉಪ್ಪಾದ ಬಾವಿಯಿಂದಲೂ ಐಸ್ ಆಗುತ್ತದೆ, ಆ ಐಸಿಗೆ ಕೊಳ್ಳುವವರಿದ್ದಾರೆ. ನಷ್ಟವಾಗುವುದು ಬೇಲಿಯಾಚೆ ಮಾತ್ರ, ಅದನ್ನು ತಡೆದುಕೊಳ್ಳುತ್ತೇವೆ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ. ದತ್ತಾನ ಕೊನೆಯ ನೆಪವೂ ಕೈಯಲ್ಲಿದ್ದ ಚೂರಿನ ಜೊತೆ ಕರಗಿ ನೆಲಕ್ಕೆ ತೊಟ್ಟಿಕ್ಕಿತು.

"ಏಪ್ರಿಲ್, ಮೇ ಆಗೂದಿಲ್ಲ," ಎಂದ ದತ್ತಾ. "ನಡುವಿಗೆ ಉಪ್ಪು ಬಂದ ದಿನ ನಾ ಪಂಪು ಬಂದ್ ಮಾಡ್ತೆ. ಮಳೆ ಬಿದ್ದ ಮೇಲೆ ಶುರು."

"ಬರೀ ಆ ಎರಡು ತಿಂಗಳಿಗೇ ನಾವು ಬಂದದ್ದು," ಎಂದ ಏಜೆಂಟ್. ಚಹಾ ಕುಡಿದು, ಕಾಶಿಗೆ ನಮಸ್ಕಾರ ಹೇಳಿ ಹೊರಟ.

ತುಳಸಿದಾಸ ಕೂಗಾಡಲಿಲ್ಲ. ಅಂಗಳಕ್ಕೆ ಹೋಗಿ ಟಾರ್ಪಾಲಿನ ಹಗ್ಗ ಬಿಗಿದು ಕಟ್ಟಿದ. "ನಾ ನಿನ್ನ ಶತ್ರು ಅಲ್ಲ ಭಾವಾ. ಆದ್ರೆ ನನ್ನ ಮನೇಲೂ ಒಲೆ ಅದೆ," ಎಂದ. ವಾರದೊಳಗೆ ಲಾರಿ ಬಂತು. ಟಾರ್ಪಾಲಿನ ಕೆಳಗಿದ್ದ ಕಂಪ್ರೆಸರ್, ಡಬ್ಬಗಳಲ್ಲಿ ಅರ್ಧ ಅವನ ಪಾಲಿಗೆ ಹೋದವು. ಕಾರವಾರದ ಶಿರವಾಡದಲ್ಲಿ, ಪೈಪಿನ ನೀರು ಬರುವ ಕಡೆ ಅವನು ಬೇರೆ ಫ್ಯಾಕ್ಟರಿ ಹಾಕಿದ. ಕಂಪನಿಯ ಸಹಿ ಅವನಿಗೆ ಸಿಕ್ಕಿತು. ದತ್ತಾನ ಇಬ್ಬರು ಆಳುಗಳೂ ಅಲ್ಲಿಗೆ ಹೋದರು. ಕಾಶಿ ಹಬ್ಬಕ್ಕೆ ಅಣ್ಣನ ಮನೆಗೆ ಹೋಗುವುದನ್ನು ಬಿಡಲಿಲ್ಲ. ದತ್ತಾನೂ ಹೋಗುತ್ತಾನೆ, ಊಟಕ್ಕೆ ಒಂದು ಕಾಲು ಹೊರಗೆ ಚಾಚಿ ಕೂರುತ್ತಾನೆ, ತುಳಸಿದಾಸ ಅದನ್ನು ನೋಡಿ ತಮಾಷೆ ಮಾಡುತ್ತಾನೆ.

ಆ ಬೇಸಿಗೆಯಲ್ಲಿ ಫ್ಯಾಕ್ಟರಿ ಸುಮ್ಮನಿತ್ತು. ಕಂಪ್ರೆಸರ್ ಸದ್ದಿಲ್ಲದ ಮನೆಯಲ್ಲಿ ದತ್ತಾ ಇನ್ನಷ್ಟು ಓಡಾಡಿದ. ಡಬ್ಬಗಳ ತುಕ್ಕು ತಿಕ್ಕಿದ, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದ. ನಾಲ್ಕು ದೋಣಿಗಳು ಕಾರವಾರದ ಐಸಿಗೆ ಹೋದವು. ಮಳೆ ಕಳೆದ ಮೇಲೆ ಅವುಗಳಲ್ಲಿ ಎರಡು ವಾಪಸು ಬಂದವು. ರೂಪೇಶನದು ಒಂದು.

"ನಿನ್ನ ಐಸ್ ಚಲೋ ಅಂದೇನಲ್ಲ," ಎಂದ ರೂಪೇಶ, "ಕಾರವಾರಕ್ಕೆ ಹೋಗೂಕೆ ನಂಗೆ ಡೀಸೆಲ್ ಯಾರು ಕೊಡ್ತಾರೆ?"

ಹೊಸ ಪದ್ಧತಿಯೊಂದು ಶುರುವಾಯಿತು. ದಿನದ ಮೊದಲ ಗಡ್ಡೆಯನ್ನು ದತ್ತಾ ಅಡ್ಡಕ್ಕೆ ಕೊಯ್ಯುತ್ತಾನೆ, ನಡುವನ್ನು ಮೊದಲು ತಾನು ಕಚ್ಚುತ್ತಾನೆ, ಆಮೇಲೆ ತಾಂಡೇಲನ ಮುಂದೆ ಹಿಡಿಯುತ್ತಾನೆ. ಕೊಯ್ದ ಗಡ್ಡೆಯನ್ನು ಯಾರೂ ಕೊಳ್ಳುವುದಿಲ್ಲ. ಮೀನು ಮಾರುವ ಹೆಂಗಸರು ಅದನ್ನು ಬುಟ್ಟಿಗೆ ಹಾಕಿಕೊಂಡು ಹೋಗುತ್ತಾರೆ.

ಹೊನ್ನುವಿನಿಂದ ಅವನಿಗೆ ಒಳ್ಳೆಯ ಮಾತೇನೂ ಸಿಗಲಿಲ್ಲ. ಡಿಸೆಂಬರಿನಲ್ಲಿ ಅವಳ ಹರಿವೆ ಮೊದಲಿಗಿಂತ ಹಸಿರಾಗಿತ್ತು. ಬೇಲಿಯ ಬಳಿ ನಿಂತು ದತ್ತಾ ಒಂದು ಕಟ್ಟು ಕೇಳಿದ. ಅವಳು ಪೇಟೆಯ ದರವನ್ನೇ ಹೇಳಿದಳು.

"ನೀರು ಸಿಹಿಯಾಯ್ತಾ, ಹೊನ್ನಕ್ಕಾ?"

"ನೀ ಒಂದ್ ಬ್ಯಾಸ್ಗಿ ಬಂದ್ ಮಾಡ್ದೆ ಅಂದ್ಕಂಡು ಸಮುದ್ರ ಹೆದ್ರಿ ಓಡೂದಾ? ಇನ್ನೂ ಎರಡ್ ಮಳಿ ಹೋಗ್ಲಿ ತಮಾ. ಆಗ ಹೇಳ್ತೆ."

2006ರ ಮಾರ್ಚ್ ಇನ್ನೂ ಮೊದಲ ವಾರ ದಾಟಿರಲಿಲ್ಲ. ರೂಪೇಶನ ಟೆಂಪೋ ಬಾಗಿಲಲ್ಲಿ ನಿಂತಿತ್ತು. ದತ್ತಾ ಗಡ್ಡೆ ಕೊಯ್ದು ನಡುವನ್ನು ಕಚ್ಚಿದ. ಮತ್ತೊಮ್ಮೆ ಕಚ್ಚಿದ. ಉಪ್ಪು ಈ ಸಲ ಏಪ್ರಿಲ್‌ವರೆಗೆ ತಡೆಯುತ್ತದೆಂದು ಅವನು ಎಣಿಸಿದ್ದ. ಈಗ ಎಳೆಯುತ್ತಿದ್ದ ನೀರು ಮೊದಲಿನ ಅರ್ಧ ಮಾತ್ರ. ಅವನು ಬಾಗಿಲಿಗೆ ಬಂದು ಹೆದ್ದಾರಿಯ ಆಚೆ ನೋಡಿದ. ಬೇಲೆಕೇರಿಗೆ ಅದಿರು ಒಯ್ಯುವ ಲಾರಿಗಳನ್ನು ತೊಳೆಯಲು ಅಲ್ಲೊಬ್ಬ ಹೊಸದಾಗಿ ಶೆಡ್ ಹಾಕಿದ್ದ. ಜನವರಿಯಲ್ಲಿ ಬೋರ್ ಹೊಡೆಯುವ ಯಂತ್ರದ ಸದ್ದು ಎರಡು ದಿನ ಕೇಳಿತ್ತು. ಈಗ ಪೈಪಿನಿಂದ ನೀರು ಬುಸುಗುಡುತ್ತ ಲಾರಿಯೊಂದರ ಚಕ್ರಕ್ಕೆ ಬಡಿಯುತ್ತಿತ್ತು. ಕೆಂಪು ನೀರು ಚರಂಡಿಗೆ ಹರಿಯುತ್ತಿತ್ತು. ತುಳಸಿದಾಸ ಹೇಳಿದ್ದು ಹೆಚ್ಚೂಕಡಿಮೆ ನಿಜವಾಗಿತ್ತು, ಬಂದವನು ಐಸಿನವನಲ್ಲ ಎಂಬುದಷ್ಟೇ ವ್ಯತ್ಯಾಸ.

ದತ್ತಾ ಒಳಗೆ ಹೋಗಿ ಪಂಪಿನ ಸ್ವಿಚ್ ಆರಿಸಿದ.

"ಅರೇ, ನನ್ನ ಐಸ್?" ಎಂದು ರೂಪೇಶ ಕೂಗಿದ. "ಇನ್ನೂ ಮಾರ್ಚ್ ಮಾರಾಯಾ! ಅವ ಆಚೆಗೆ ಲಾರಿಗೆ ಅಭಿಷೇಕ ಮಾಡ್ತೀದಾನೆ, ನೀ ಇಲ್ಲಿ ಬಂದ್ ಮಾಡಿದ್ರೆ ಎಂತಾ ಆಗ್ತದೆ?"

"ತೊಟ್ಟೀಲಿ ಇದ್ದಿದ್ದಷ್ಟು ನೀನೇ ತಗಾ. ಮತ್ತೆ ಮಳೆ ಮೇಲೆ ಬಾ."

ಕೊಯ್ದ ಗಡ್ಡೆಯ ಒಂದು ದಪ್ಪ ಬಿಲ್ಲೆಯನ್ನು ಗೋಣಿಯಲ್ಲಿ ಸುತ್ತಿಕೊಂಡು ದತ್ತಾ ಹೊರಬಿದ್ದ. ಲಾರಿಗಳ ನಡುವೆ ಸಂದು ಸಿಗಲು ರಸ್ತೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕಾಯಬೇಕಾಯಿತು. ಅಷ್ಟರಲ್ಲಿ ಗೋಣಿ ಒದ್ದೆಯಾಗಿ ಅಂಗಿಗೆ ಅಂಟಿತು. ಶೆಡ್ಡಿನ ಮಾಲೀಕ ಪೈಪು ಹಿಡಿದೇ ಅವನತ್ತ ತಿರುಗಿದ. ದತ್ತಾ ಗೋಣಿ ಬಿಚ್ಚಿ ಬಿಲ್ಲೆಯನ್ನು ಮುಂದೆ ಚಾಚಿ, ಕಚ್ಚಿ ನೋಡಲು ಹೇಳಿದ. ಮಾಲೀಕನಿಗೆ ಏನೂ ತಿಳಿಯಲಿಲ್ಲ. ಬಿಸಿಲಂತೂ ಜೋರಾಗಿತ್ತು. ನಗುತ್ತ ಬಗ್ಗಿ ಅಂಚಿನ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ.

"ಚಲೋ ಅದೆ. ಸಿಹಿ ಅದೆ."

"ಅಂಚು ಕಚ್ಚಬೇಡಿ," ಎಂದ ದತ್ತಾ. "ಪೈಪು ಕೆಳಗಿಡಿ. ನಡು ಕಚ್ಚಿ."